ಪೆಟ್ಟಿಗೆ ಬದಲಿಸುವ ಮೊದಲು ಕಾರಣ ಹುಡುಕೋಣ

(ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ನೀಡಿದ ಮಾಹಿತಿ ಭಾಷಣ)



ಪ್ರತಿ ಸಭೆಯಲ್ಲೂ ಉಳಿತಾಯ, ಆರೋಗ್ಯ, ಲೆಕ್ಕಪತ್ರ ಅಂತ ಮಾತಾಡುತ್ತೇವೆ. ಇವತ್ತು ಕಾರಿನ ರಿಪೇರಿ ವಿಷಯ ಎಂದ ಕೂಡಲೇ ಕೆಲವರು ನಕ್ಕಿರಿ. "ಸಿಸ್ಟರ್, ಅದು ಗಂಡಸರ ಕೆಲಸ ಅಲ್ವಾ?" ಎಂದು ಒಬ್ಬರು ಕೇಳಿಯೂ ಬಿಟ್ಟಿರಿ. ರಿಪೇರಿ ಯಾರೇ ಮಾಡಿಸಲಿ, ಅದಕ್ಕೆ ಸಂಘದಲ್ಲಿ ಸಾಲ ಎತ್ತುವವರು ನೀವು, ಕಂತು ಕಟ್ಟುವವರೂ ನೀವು. ಆದ್ದರಿಂದ ಸ್ವಲ್ಪ ಗಮನ ಕೊಟ್ಟು ಕೇಳಿ.

ಕಳೆದ ಮಳೆಗಾಲದಲ್ಲಿ ಒಂದು ಸಂಘದ ಸಭೆಗೆ ಹೋಗಿದ್ದೆ. ಒಬ್ಬ ಸದಸ್ಯೆ ಇಪ್ಪತ್ತು ಸಾವಿರ ತುರ್ತು ಸಾಲ ಕೇಳಿದರು. ಮನೆಯವರು ಹಳದಿ ಬೋರ್ಡಿನ ಟ್ಯಾಕ್ಸಿ ಓಡಿಸುತ್ತಾರೆ. ಕಾರಿನ ಬ್ಯಾಂಕ್ ಸಾಲವೇ ಇನ್ನೂ ತೀರಿಲ್ಲ. ಆ ಕಾರಿಗೆ ವಿಚಿತ್ರ ತೊಂದರೆ ಶುರುವಾಗಿತ್ತು. ವೈಪರ್ ತಾನಾಗಿಯೇ ಓಡುವುದು, ರಾತ್ರಿ ಬಾಗಿಲಿನ ಲಾಕ್ ಟಕ್ ಟಕ್ ಎನ್ನುವುದು, ಇಂಡಿಕೇಟರ್ ಹಾಕಿದರೆ ಒಳಗಿನ ದೀಪ ಮಿಣುಕುವುದು, ಬೆಳಿಗ್ಗೆ ನೋಡಿದರೆ ಬ್ಯಾಟರಿ ಇಳಿದಿರುವುದು. ಅಕ್ಕಪಕ್ಕದವರು ಕಾರಿಗೆ ದೃಷ್ಟಿಯಾಗಿದೆ ಎಂದರಂತೆ.

ಗ್ಯಾರೇಜಿನವರು ಮೊದಲು ಹೊಸ ಬ್ಯಾಟರಿ ಹಾಕಿದರು. ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಆಮೇಲೆ ಆಲ್ಟರ್ನೇಟರ್ ಬಿಚ್ಚಿ ರಿಪೇರಿ ಮಾಡಿದರು. ಆಮೇಲೆ "ಕಾರಿನ ಮೆದುಳೇ ಹೋಗಿದೆ" ಎಂದು ಗುಜರಿಯಿಂದ ಒಂದು ಪೆಟ್ಟಿಗೆ ತಂದು ಹಾಕಿದರು. ಆಗ ಕಾರು ಸ್ಟಾರ್ಟೇ ಆಗಲಿಲ್ಲ! "ಹಾಗಾದರೆ ಹೊಸ ಪೆಟ್ಟಿಗೆಯೇ ಬೇಕು, ಇಪ್ಪತ್ತು ಸಾವಿರ ತನ್ನಿ" ಎಂದರು.

ಸಂಘದ ಕಾರ್ಯದರ್ಶಿ ಒಂದೇ ಪ್ರಶ್ನೆ ಕೇಳಿದರು: "ಅಕ್ಕಾ, ಯಾವ ಪರೀಕ್ಷೆ ಮಾಡಿ ಹೀಗೆ ಹೇಳಿದರು?" ಆ ಸಹೋದರಿ ತಲೆ ತಗ್ಗಿಸಿ, "ಅದನ್ನ ನಾನು ಕೇಳಲಿಲ್ಲ. ಹೆಂಗಸರು ಕೇಳಿದರೆ ಗ್ಯಾರೇಜಿನಲ್ಲಿ ನಗ್ತಾರೆ" ಎಂದರು. ನನಗೆ ಬಹಳ ಬೇಸರವಾಯಿತು. ಸಾಲ ಅವರ ಹೆಸರಿನಲ್ಲಿ, ಕೇಳುವ ಧೈರ್ಯ ಮಾತ್ರ ಅವರಿಗಿಲ್ಲ. ಸಾಲ ಕೊಡೋಣ, ಆದರೆ ಪರೀಕ್ಷೆಯಾದ ಮೇಲೆ ಕೊಡೋಣ ಎಂದು ಸಂಘ ತೀರ್ಮಾನಿಸಿತು. ಅನುಭವವಿರುವ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಅವರನ್ನು ಮನೆಗೇ ಕರೆಸಿದೆವು. ಅವರು ಮಾಡಿದ್ದನ್ನೂ ತಾಳ್ಮೆಯಿಂದ ವಿವರಿಸಿದ್ದನ್ನೂ ನಿಮಗೆ ಹೇಳುತ್ತೇನೆ.

ಏನಿದು ಪೆಟ್ಟಿಗೆ?

ಇದರ ಹೆಸರು ಬಾಡಿ ಕಂಟ್ರೋಲ್ ಮಾಡ್ಯೂಲ್, ಚುಟುಕಾಗಿ ಬಿಸಿಎಂ. ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ಕೆಳಗೆ, ಫ್ಯೂಸುಗಳ ಹತ್ತಿರ ಇರುವ ಚಿಕ್ಕ ಪೆಟ್ಟಿಗೆ. ದೀಪ, ಇಂಡಿಕೇಟರ್, ವೈಪರ್, ಹಾರನ್, ಬಾಗಿಲಿನ ಲಾಕ್ ಮುಂತಾದವು ಇದರ ಕೈಯಲ್ಲಿವೆ. ಇಂಜಿನ್ನಿಗೆ ಬೇರೆಯದೇ ಪೆಟ್ಟಿಗೆ ಇರುತ್ತದೆ. ಹಳೆಯ ಕಾರುಗಳಲ್ಲಿ ಸ್ವಿಚ್ಚಿನಿಂದ ದೀಪಕ್ಕೆ ನೇರ ವೈರು. ಈಗ ಸ್ವಿಚ್ ಒತ್ತಿದರೆ ಈ ಪೆಟ್ಟಿಗೆಗೆ ಸುದ್ದಿ ಹೋಗುತ್ತದೆ, ಪೆಟ್ಟಿಗೆ ದೀಪ ಹಚ್ಚುತ್ತದೆ. ಕಾರಿನೊಳಗಿನ ಪೆಟ್ಟಿಗೆಗಳು ಹೆಣೆದ ಎರಡು ವೈರುಗಳ ಮೂಲಕ ಒಂದಕ್ಕೊಂದು ಮಾತಾಡುತ್ತವೆ. ಇದಕ್ಕೆ ಕ್ಯಾನ್ ಎನ್ನುತ್ತಾರೆ. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಇದನ್ನು ಪರಿಚಯಿಸಿತು.

ಪರೀಕ್ಷೆ ಹೇಗೆ?

ಜ್ವರ ಬಂದ ಕೂಡಲೇ ಆಪರೇಷನ್ ಮಾಡುವುದಿಲ್ಲ ಅಲ್ವಾ? ಮೊದಲು ರಕ್ತ ಪರೀಕ್ಷೆ. ಇಲ್ಲಿಯೂ ಹಾಗೆಯೇ. ಅಗ್ಗದ ಪರೀಕ್ಷೆ ಮೊದಲು, ದುಬಾರಿ ಭಾಗ ಕೊನೆಗೆ. ಗುಜರಿ ಪೆಟ್ಟಿಗೆ ತೆಗೆದು, ಕಾರಿನ ಮೂಲ ಪೆಟ್ಟಿಗೆಯನ್ನೇ ಅವರು ಮತ್ತೆ ಜೋಡಿಸಿದರು. ಪುಣ್ಯಕ್ಕೆ ಅದನ್ನು ಗ್ಯಾರೇಜಿನಲ್ಲಿ ಬಿಟ್ಟಿರಲಿಲ್ಲ. ಕಾರು ಸ್ಟಾರ್ಟ್ ಆಯಿತು, ಹಳೆಯ ತೊಂದರೆಗಳೂ ವಾಪಸ್ ಬಂದವು. ಪರೀಕ್ಷೆ ಶುರುವಾಯಿತು.

ಒಂದು, ಬ್ಯಾಟರಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಇಂಜಿನ್ ನಿಂತಿರುವಾಗ ಮೀಟರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5. ವೋಲ್ಟ್ ಕಡಿಮೆಯಾದರೆ ಒಳ್ಳೆಯ ಪೆಟ್ಟಿಗೆಯೂ ತಪ್ಪು ಕೆಲಸ ಮಾಡುತ್ತದೆ.

ಎರಡು, ಫ್ಯೂಸ್ ಮತ್ತು ಅರ್ತ್ ವೈರು. ಅರ್ತ್ ವೈರನ್ನು ಕಾರಿನ ಬಾಡಿಗೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಆ ಬೋಲ್ಟ್ ತುಕ್ಕು ಹಿಡಿದರೂ ಸಡಿಲವಾದರೂ ದೀಪ ಮಿಣುಕುತ್ತದೆ. ಅದನ್ನು ಉಜ್ಜಿ ಬಿಗಿ ಮಾಡಲು ಹೆಚ್ಚು ಖರ್ಚಿಲ್ಲ.

ಮೂರು, ನೀರು. ಮ್ಯಾಟ್ ಎತ್ತಿ ಕೆಳಗೆ ಕೈಯಾಡಿಸಿ, ಒದ್ದೆ ಇದೆಯೇ ನೋಡಬೇಕು. ಪೆಟ್ಟಿಗೆಯ ಪ್ಲಗ್ ತೆಗೆದು ಪಿನ್ನುಗಳಲ್ಲಿ ಹಸಿರು ಕಿಲುಬು ಇದೆಯೇ ನೋಡಬೇಕು.

ನಾಲ್ಕು, ಸ್ಕ್ಯಾನರ್. ಸ್ಟೇರಿಂಗ್ ಕೆಳಗೆ ಹದಿನಾರು ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಸ್ಕ್ಯಾನರ್ ಜೋಡಿಸಿದರೆ ಕಾರು ತನ್ನ ತೊಂದರೆಯನ್ನು ಕೋಡಿನಲ್ಲಿ ಹೇಳುತ್ತದೆ. ಅಗ್ಗದ ಸ್ಕ್ಯಾನರುಗಳಲ್ಲಿ ಹೆಚ್ಚಿನವು 'ಪಿ' ಅಕ್ಷರದ ಇಂಜಿನ್ ಕೋಡನ್ನು ಮಾತ್ರ ಓದುತ್ತವೆ. ನಮಗೆ ಬೇಕಾದ್ದು 'ಬಿ' ಮತ್ತು 'ಯು' ಕೋಡು. 'ಯು 0140' ಎಂದು ಬಂದರೆ ಬಿಸಿಎಂ ಜೊತೆ ಮಾತು ನಿಂತಿದೆ ಎಂದು ಅರ್ಥ. ಇಷ್ಟರಿಂದಲೇ ಪೆಟ್ಟಿಗೆ ಕೆಟ್ಟಿದೆ ಎನ್ನುವಂತಿಲ್ಲ. ಅದಕ್ಕೆ ಕರೆಂಟ್ ಬರದಿದ್ದರೂ ವೈರು ತುಂಡಾಗಿದ್ದರೂ ಇದೇ ಕೋಡು ಬರಬಹುದು.

ಐದು, ಆಜ್ಞೆ ಕೊಟ್ಟು ನೋಡುವುದು. ಒಳ್ಳೆಯ ಸ್ಕ್ಯಾನರಿನಿಂದ "ಹಾರನ್ ಹೊಡಿ, ವೈಪರ್ ಓಡಿಸು" ಎಂದು ಪೆಟ್ಟಿಗೆಗೆ ಹೇಳಬಹುದು. ಕರೆಂಟ್ ಬರುತ್ತಿದೆ, ಅರ್ತ್ ಸರಿ ಇದೆ, ವೈರು ಸರಿ ಇದೆ, ಆಜ್ಞೆಯೂ ತಲುಪಿದೆ, ಆದರೂ ಪೆಟ್ಟಿಗೆಯಿಂದ ಕರೆಂಟ್ ಹೊರಗೆ ಬರುತ್ತಿಲ್ಲ ಎಂದಾದರೆ ಮಾತ್ರ ಪೆಟ್ಟಿಗೆಯ ಮೇಲೆ ಅನುಮಾನ ಪಡಬೇಕು.

ಸಿಕ್ಕಿದ್ದೇನು?

ನಾವು ಪೆಟ್ಟಿಗೆ ಕೆಟ್ಟಿರಲಿಕ್ಕಿಲ್ಲ ಎಂದುಕೊಂಡಿದ್ದೆವು. ಆದರೆ ಅದು ನಿಜವಾಗಿಯೂ ಕೆಟ್ಟಿತ್ತು. ಕಾರು ನಿಲ್ಲಿಸುತ್ತಿದ್ದದ್ದು ಹಲಸಿನ ಮರದ ಕೆಳಗೆ. ಮುಂದಿನ ಗಾಜಿನ ಬುಡದಲ್ಲಿ ಮಳೆ ನೀರು ಇಳಿದು ಹೋಗುವ ತೂತು ಎಲೆಯಿಂದ ಮುಚ್ಚಿತ್ತು. ನೀರು ಒಳಗೆ ನುಗ್ಗಿ, ವೈರಿನ ಗುಂಟ ಇಳಿದು ಪೆಟ್ಟಿಗೆ ಸೇರಿತ್ತು. ಪಿನ್ನುಗಳ ತುಂಬ ಕಿಲುಬು. ಪೆಟ್ಟಿಗೆ ರಾತ್ರಿಯಿಡೀ ನಿದ್ದೆ ಹೋಗದೆ ಬ್ಯಾಟರಿ ಹೀರುತ್ತಿತ್ತು. ಕಾರು ಲಾಕ್ ಮಾಡಿ ಸ್ವಲ್ಪ ಹೊತ್ತಾದ ಮೇಲೆ ಸುಮಾರು 50 ಮಿಲಿ ಆಂಪಿಯರಿಗಿಂತ ಹೆಚ್ಚು ಕರೆಂಟ್ ಹೋಗಬಾರದು. ಇಲ್ಲಿ ಅದರ ಹಲವು ಪಟ್ಟು ಹೋಗುತ್ತಿತ್ತು. ಹಳೆಯ ಬ್ಯಾಟರಿ ಕೆಟ್ಟಿರಲೇ ಇಲ್ಲ.

ಗ್ಯಾರೇಜಿನವರು ಹೇಳಿದ್ದು ಕೊನೆಗೆ ಸರಿಯೇ ಆಯಿತು. ಆದರೆ ಊಹೆಯ ಮೇಲೆ ಹತ್ತು ಸಾವಿರಕ್ಕೂ ಹೆಚ್ಚು ಹಣ ಅಷ್ಟರಲ್ಲೇ ಹೋಗಿತ್ತು. ಎಲೆ ತೆಗೆಯದೆ ಹೊಸ ಪೆಟ್ಟಿಗೆ ಹಾಕಿದ್ದರೆ ಮುಂದಿನ ಮಳೆಗೆ ಅದೂ ಹೋಗುತ್ತಿತ್ತು.

ಬದಲಿಸುವಾಗ

ಗುಜರಿ ಪೆಟ್ಟಿಗೆ ಹಾಕಿದಾಗ ಕಾರು ಏಕೆ ಸ್ಟಾರ್ಟ್ ಆಗಲಿಲ್ಲ? ಅದರಲ್ಲಿ ಬೇರೆ ಕಾರಿನ ಕೀಲಿಯ ಗುರುತು ಇತ್ತು. ಕಳ್ಳತನ ತಡೆಯುವ ವ್ಯವಸ್ಥೆ ನಮ್ಮ ಕೀಲಿಯನ್ನು ಕಳ್ಳ ಕೀಲಿ ಎಂದು ತಿಳಿಯಿತು. ಆದ್ದರಿಂದ ಪೆಟ್ಟಿಗೆಯ ಪಾರ್ಟ್ ನಂಬರ್ ಹೊಂದಬೇಕು. ಹಾಕಿದ ಮೇಲೆ ಸ್ಕ್ಯಾನರಿನಿಂದ ಕೋಡಿಂಗ್ ಮಾಡಬೇಕು, ಕೀಲಿ ನೋಂದಾಯಿಸಬೇಕು. ಮನೆಯಲ್ಲಿರುವ ಎಲ್ಲ ಕೀಲಿಗಳನ್ನೂ ಒಯ್ಯಿರಿ. ಪೆಟ್ಟಿಗೆ ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ವೈರು ತೆಗೆಯಬೇಕು. ಕೋಡಿಂಗ್ ನಡೆಯುವಾಗ ಬ್ಯಾಟರಿ ಇಳಿಯದಂತೆ ಚಾರ್ಜರ್ ಜೋಡಿಸಿರಬೇಕು. ಡ್ಯಾಶ್‌ಬೋರ್ಡಿನ ಕೆಳಗೆ ಏರ್‌ಬ್ಯಾಗ್ ವೈರುಗಳೂ ಇರುತ್ತವೆ, ಸಾಮಾನ್ಯವಾಗಿ ಹಳದಿ ಬಣ್ಣದವು. ಮನೆಯಲ್ಲಿ ಯಾರೂ ಕೈ ಹಾಕಬಾರದು.

ಸಾಲ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಗಳು

1. ಯಾವ ಪರೀಕ್ಷೆ ಮಾಡಿದಿರಿ? ಯಾವ ಕೋಡು ಬಂತು? ಬರೆದು ಕೊಡಿ.
2. ಬ್ಯಾಟರಿ, ಫ್ಯೂಸ್, ಅರ್ತ್, ನೀರು ಎಲ್ಲ ನೋಡಿದಿರಾ?
3. ಪೆಟ್ಟಿಗೆ ಕೆಡಲು ಕಾರಣವೇನು? ಅದನ್ನು ಸರಿ ಮಾಡಿದಿರಾ?
4. ಕೋಡಿಂಗ್ ಖರ್ಚು ಸೇರಿ ಒಟ್ಟು ಎಷ್ಟು? ವಾರಂಟಿ ಎಷ್ಟು ತಿಂಗಳು?
5. ಹಳೆಯ ಪೆಟ್ಟಿಗೆ ವಾಪಸ್ ಕೊಡುತ್ತೀರಾ?

ಹಣ ಕೊಡುವ ಮೊದಲು ದೀಪ, ವೈಪರ್, ಹಾರನ್, ಲಾಕ್ ಎಲ್ಲವನ್ನೂ ನೀವೇ ಹಾಕಿ ನೋಡಿ. ಬಿಲ್ ತೆಗೆದುಕೊಳ್ಳಿ. ಮೋಸವಾಗಿದೆ ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಬಿಲ್ ಇಲ್ಲದಿದ್ದರೆ ನಿಮ್ಮ ಮಾತಿಗೆ ಬಲ ಕಡಿಮೆ.

ಆ ಸಹೋದರಿಗೆ ಸಂಘ ಸಾಲ ಕೊಟ್ಟಿತು. ಹೊಸ ಪೆಟ್ಟಿಗೆ ಬಂತು, ಗಾಜಿನ ಬುಡ ಸ್ವಚ್ಛವಾಯಿತು. ಹೊಸದು ಹಾಕಿದ ದಿನ ಗ್ಯಾರೇಜಿಗೆ ಗಂಡನ ಜೊತೆ ಅವರೂ ಹೋಗಿ ಈ ಐದು ಪ್ರಶ್ನೆಗಳನ್ನು ಕೇಳಿದರು. "ಯಾರೂ ನಗಲಿಲ್ಲ ಸಿಸ್ಟರ್, ಕುರ್ಚಿ ಕೊಟ್ಟು ಕೂರಿಸಿ ಉತ್ತರ ಹೇಳಿದರು" ಎಂದರು. ಈಗ ಕಾರು ಹಲಸಿನ ಮರದಿಂದ ದೂರ ನಿಲ್ಲುತ್ತದೆ. ಮಳೆ ಬಂದ ಮರುದಿನ ಮ್ಯಾಟ್ ಎತ್ತಿ ನೋಡುವವರು ಅವರೇ.

ಸಹೋದರಿಯರೇ, ಗೊತ್ತಿಲ್ಲದ್ದನ್ನು ಕೇಳುವುದು ಅವಮಾನವಲ್ಲ. ನಿಮ್ಮ ಬೆವರಿನ ಹಣ ಖರ್ಚಾಗುವ ಕಡೆ ಪ್ರಶ್ನೆ ಕೇಳುವುದು ನಿಮ್ಮ ಹಕ್ಕು. ಈ ಐದು ಪ್ರಶ್ನೆಗಳನ್ನು ನಿಮ್ಮ ಸಂಘದ ನಡಾವಳಿ ಪುಸ್ತಕದಲ್ಲಿ ಇವತ್ತೇ ಬರೆದುಕೊಳ್ಳಿ.

ದೇವರು ನಿಮ್ಮ ಮನೆಗಳನ್ನೂ ದುಡಿಮೆಯನ್ನೂ ಆಶೀರ್ವದಿಸಲಿ.