ಮನೆ ಕಟ್ಟುವ ಮುನ್ನ ಜಾಲಿಯನ್ನು ಕೀಳುವ ಕ್ರಮ



ಸಿರುಗುಪ್ಪ, ಕುರುಗೋಡು ಸೀಮೆಗಳ ಎರೆಭೂಮಿಯಲ್ಲಿ ಮನೆ ಕಟ್ಟಿಸಲಿಚ್ಛಿಸುವವರಿಗೆ ಬಳ್ಳಾರಿ ಜಾಲಿಯೇ ಮೊದಲನೆಯ ಶತ್ರುವು. ಇದನ್ನು ತೆಗೆಯಲು ಮೂರು ಮಾರ್ಗಗಳುಂಟು.

ಬೆಂಕಿಯಿಟ್ಟರೆ ಬೇರು ಸಾಯದು. ನೆರೆಯ ಬಣವೆಗಳಿಗೂ ಅಪಾಯವು. ಕೊಡಲಿಯಿಂದ ಕಡಿದರೆ ಸೌದೆಯು ದೊರೆಯುವುದು. ಆದರೆ ಮೋಟಿನಿಂದ ಹಲವು ಚಿಗುರುಗಳೇಳುವುವು. ಆದಕಾರಣ ಕೊಂಬೆಗಳನ್ನು ಸವರಿ, ಬುಡದ ಸುತ್ತಲೂ ಆಳವಾಗಿ ಅಗೆದು, ಬೇರಿನ ಬುಡವನ್ನು ಸಂಪೂರ್ಣವಾಗಿ ಕೀಳಿಸುವುದೇ ಉತ್ತಮವು. ಕೂಲಿ ಹೆಚ್ಚೆಂದು ಹಿಂಜರಿಯಬಾರದು. ಉಳಿದ ಬೇರು ಕೊಳೆತರೆ ನೆಲವು ಪೊಳ್ಳಾಗುವುದು. ಎರೆಮಣ್ಣಾದರೋ ಮಳೆಯಲ್ಲಿ ಉಬ್ಬಿ, ಬೇಸಗೆಯಲ್ಲಿ ಬಿರಿದು, ಗೋಡೆಯನ್ನೇ ಸೀಳುವುದು. ಕುಣಿಗಳಿಗೆ ಗರಸನ್ನು ಪದರು ಪದರಾಗಿ ತುಂಬಿ, ದಿಮ್ಮಸು ಹೊಡೆಯಿಸಿರಿ. ನೆರಳಿಗೆ ಬೇವನ್ನು ಉಳಿಸಿಕೊಳ್ಳಿರಿ.

ಜಾಲಿಯ ಕಾಯಿ ತಿಂದ ದನಗಳ ಸಗಣಿಯಿಂದ ಬೀಜವು ಹರಡುವುದು. ಒಬ್ಬನು ಕಿತ್ತು ನೆರೆಯವನು ಬಿಟ್ಟರೆ ಶ್ರಮವು ವ್ಯರ್ಥವು. ಗೌಡರು ಊರೊಟ್ಟಿನಿಂದ ಈ ಕೆಲಸವನ್ನು ನಡೆಯಿಸಬೇಕೆಂದು ಕೋರುತ್ತೇನೆ.