ಮದುವೆಯ ಖರ್ಚು: ಎರಡು ಊರು, ಒಂದೇ ಸಂಬಳ

(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ನಾಡುನುಡಿಯ ಮಾತು ಕೇಳಲು ಬಂದವರ ಮುಂದೆ ಮದುವೆಯ ಜಮಾಖರ್ಚು ಬಿಚ್ಚುವುದು ಅಷ್ಟೇನೂ ಒಪ್ಪುವ ಕೆಲಸವಲ್ಲ. ಆದರೆ ಕಾರ್ಯದರ್ಶಿಗಳು, “ಕವಿತೆ ಓದುವವರು ಬೇಕಾದಷ್ಟು ಮಂದಿ ಇದ್ದಾರೆ, ನೀವು ಬ್ಯಾಂಕಿನವರು, ಮನೆಗೆ ಉಪಯೋಗವಾಗುವುದನ್ನು ಹೇಳಿ” ಎಂದು ಅಪ್ಪಣೆ ಮಾಡಿದರು. ಹಾಗಾಗಿ ನಿಂತಿದ್ದೇವೆ.

ಕೊಚ್ಚಿ, ತಿರುವನಂತಪುರಗಳಲ್ಲಿರುವ ನಾವು ಬ್ಯಾಂಕು, ಹೋಟೆಲು, ನೌಕಾದಳ, ತುಂಬಾದ ಬಾಹ್ಯಾಕಾಶ ಕೇಂದ್ರ, ಈಚೆಗೆ ಟೆಕ್ನೋಪಾರ್ಕು ಇನ್ಫೋಪಾರ್ಕುಗಳನ್ನು ನಂಬಿ ಬಂದವರು. ನಮ್ಮ ಮನೆಯ ಮದುವೆಯನ್ನು ಎರಡು ಊರಿನ ಕಣ್ಣುಗಳು ನೋಡುತ್ತವೆ. “ಕೇರಳಕ್ಕೆ ಹೋಗಿ ಇಷ್ಟು ವರ್ಷವಾಯಿತು, ಏನು ಗಳಿಸಿದ” ಎಂದು ಊರಿನ ಕಣ್ಣು ಅಳೆಯುತ್ತದೆ. ನೆರೆಮನೆಯ ಮದುಮಗಳ ಕೊರಳಿನ ಚಿನ್ನವನ್ನು ಕಂಡ ನಮ್ಮದೇ ಕಣ್ಣು ಇಲ್ಲಿ ಅಳೆಯುತ್ತದೆ. ಎರಡನ್ನೂ ತೃಪ್ತಿಪಡಿಸಲು ಹೊರಟವನ ಬಳಿ ಇರುವುದು ಒಂದೇ ಸಂಬಳ. ಊರಿನಲ್ಲಿದ್ದವರಿಗೆ ಕಷ್ಟಕಾಲಕ್ಕೆ ಗದ್ದೆಯೋ ತೋಟವೋ ಆದೀತು. ನಮ್ಮಲ್ಲಿ ಬಹುಮಂದಿಗೆ ಬಾಡಿಗೆಯ ಮನೆ, ತಿಂಗಳ ಕೊನೆಯ ಪಾಸ್‌ಬುಕ್ಕು, ಇವೇ ಆಸರೆ.

ಹಾಸಿಗೆ ಇದ್ದಷ್ಟು ಕಾಲು ಚಾಚೆಂದು ಎಲ್ಲ ಮದುವೆಮನೆಗಳಲ್ಲೂ ಯಾರಾದರೂ ಹಿರಿಯರು ಹೇಳಿಯೇ ಹೇಳುತ್ತಾರೆ. ಆದರೆ ಟೇಪು ಹಿಡಿದು ಹಾಸಿಗೆಯನ್ನು ಅಳೆದವರನ್ನು ನಾವು ಕಂಡಿದ್ದು ಕಡಿಮೆ. ನಮ್ಮಲ್ಲಿ ಮೊದಲು ಮಂಟಪ ಗೊತ್ತಾಗುತ್ತದೆ, ಆಮೇಲೆ ಅತಿಥಿಗಳ ಪಟ್ಟಿ, ಆಮೇಲೆ ಸೀರೆ, ಕೊಟ್ಟಕೊನೆಗೆ, “ಎಷ್ಟಾಯಿತು?” ಎಂಬ ಪ್ರಶ್ನೆ. ಇದು ತಲೆಕೆಳಗಾದ ಕ್ರಮ. ಮೊದಲು ಬರೆಯಬೇಕಾದ್ದು ಒಂದೇ ಅಂಕಿ: ಕೈಯಲ್ಲಿರುವ ಉಳಿತಾಯದಲ್ಲಿ ಮನೆಯ ಆರು ತಿಂಗಳ ಖರ್ಚನ್ನೂ ಹೊಸ ದಂಪತಿಗಳ ಬಾಡಿಗೆಮನೆಯ ಮುಂಗಡವನ್ನೂ ತೆಗೆದಿಟ್ಟ ಮೇಲೆ ಉಳಿಯುವ ಹಣ. ಅದೇ ಮದುವೆಯ ಹಣ. ಮಂಟಪ ಅದರೊಳಗೆ ಬರಬೇಕು. ಪ್ರಾವಿಡೆಂಟ್ ಫಂಡನ್ನು ಆ ಅಂಕಿಗೆ ಸೇರಿಸುವುದು ನಮಗೆ ಒಪ್ಪಿಗೆಯಿಲ್ಲ. ಅದನ್ನು ತೆಗೆದರೆ ಯಾವ ಸಾಲಗಾರನೂ ಬಾಗಿಲು ತಟ್ಟುವುದಿಲ್ಲ ನಿಜ, ಆದರೆ ಅದು ನಮ್ಮ ಮುಪ್ಪಿನಿಂದ ಪಡೆದ ಸಾಲವೇ.

ಮಿಕ್ಕದ್ದಕ್ಕೆ ಸಾಲವಿದೆಯಲ್ಲ ಎನ್ನುವವರಿಗೆ ಒಂದು ಲೆಕ್ಕ. ಐದು ಲಕ್ಷವನ್ನು ಶೇಕಡ 12ರ ಬಡ್ಡಿಗೆ ಐದು ವರ್ಷಕ್ಕೆ ತಂದರೆ ತಿಂಗಳ ಕಂತು 11,122 ರೂಪಾಯಿ, ಬಡ್ಡಿಯೇ 1,67,000ದಷ್ಟು. ಅದೇ ಐದು ಲಕ್ಷವನ್ನು ಶೇಕಡ 6.5 ಬಡ್ಡಿಯ ಆವರ್ತ ಠೇವಣಿಯಲ್ಲಿ ಐದು ವರ್ಷ ಮೊದಲೇ ಕೂಡಿಹಾಕಲು ತಿಂಗಳಿಗೆ 7,050 ಸಾಕು. ಮಗಳು ಕಾಲೇಜು ಸೇರಿದ ದಿನ ಈ ಖಾತೆ ತೆರೆಯಿರಿ. ಮುಂದೆ ಅವಳು ಮದುವೆ ಬೇಡ, ಎಂ.ಎಸ್ಸಿ. ಓದುತ್ತೇನೆ ಎಂದರೂ ಆ ಹಣ ಕೆಲಸಕ್ಕೆ ಬರುತ್ತದೆ.

ಇನ್ನು ಮದುವೆ ಎಲ್ಲಿ ಎಂಬ ಪ್ರಶ್ನೆ. ಪರನಾಡಿನವರ ಹಣ ಹೆಚ್ಚು ಸೋರುವುದು ಇಲ್ಲಿಯೇ. ಊರಿನಲ್ಲಿ ಧಾರೆ, ಇಲ್ಲಿ ಮತ್ತೊಂದು ಔತಣ. ಅಂದರೆ ಎರಡು ಮಂಟಪ, ಎರಡು ಅಡುಗೆ, ಎರಡು ಬಾರಿ ಛಾಯಾಚಿತ್ರ. ಬಂಧುಗಳನ್ನು ಇಲ್ಲಿಗೇ ಕರೆಸುತ್ತೇವೆಂದರೆ ರೈಲಿನ ಲೆಕ್ಕ ಹಾಕಬೇಕು. 2024ರ ನವೆಂಬರಿನಿಂದ ಮುಂಗಡ ಟಿಕೆಟ್ಟು ಪ್ರಯಾಣಕ್ಕೆ 60 ದಿನ ಮೊದಲಷ್ಟೇ ಸಿಗುತ್ತದೆ. ಒಂದು ಅರ್ಜಿಯಲ್ಲಿ ಆರು ಮಂದಿ. ನಲವತ್ತು ನೆಂಟರಿಗೆ ಏಳು ಅರ್ಜಿ. ಮೈಸೂರು ಬೆಂಗಳೂರಿನವರಿಗೆ ನೇರ ಗಾಡಿಯುಂಟು, ಮಂಗಳೂರಿನವರಿಗೆ ಮಾವೇಲಿ, ಮಲಬಾರ್ ಉಂಟು. ಹಾವೇರಿಯ ಅಜ್ಜಿ ಗಾಡಿ ಬದಲಾಯಿಸಿ ಬರಬೇಕಾದೀತು. ಬಂದವರಿಗೆ ವಸತಿಗೃಹ, ಸ್ನಾನಕ್ಕೆ ಬಿಸಿನೀರು, ಬೆಳಗಿನ ಉಪ್ಪಿಟ್ಟು. ನಮ್ಮ ಸಲಹೆ ಸರಳ: ವಯಸ್ಸಾದವರು ಹೆಚ್ಚಿರುವ ಊರಿನಲ್ಲಿ ಧಾರೆ ನಡೆಯಲಿ, ಇಲ್ಲಿಂದ ನಾವು ಎಂಟು ಹತ್ತು ಮಂದಿ ಹೋಗೋಣ. ಹಿಂದಿರುಗಿದ ಮೇಲೆ ಆಫೀಸಿನವರನ್ನೂ ನೆರೆಯವರನ್ನೂ ಒಂದು ಸಂಜೆ ಕರೆದು ಕೇಸರಿಬಾತು, ಖಾರಾಬಾತು, ಕಾಫಿ ಕೊಟ್ಟರೆ ಯಾರ ಮರ್ಯಾದೆಗೂ ಕುಂದಿಲ್ಲ. ಹಿಂದಿನ ದಿನದ ಅರಿಸಿನ ಶಾಸ್ತ್ರಕ್ಕೆ ಹಳದಿ ಬಟ್ಟೆ, ‘ಸೇವ್ ದಿ ಡೇಟ್’ ಚಿತ್ರಕ್ಕೆ ಮುನ್ನಾರಿನ ಪ್ರಯಾಣ, ಇವು ನಮ್ಮಜ್ಜಿಯ ಕಾಲದ ಶಾಸ್ತ್ರಗಳಲ್ಲ, ಬಿಟ್ಟರೆ ದೋಷವಿಲ್ಲ.

ಇಲ್ಲಿಯೇ ಮಾಡಬೇಕಾಗಿ ಬಂದರೆ ಪಂಚಾಂಗದಲ್ಲಿಯೇ ಒಂದು ಉಳಿತಾಯವಿದೆ. ನಮಗೆ ಆಷಾಢ ವರ್ಜ್ಯ, ಮಲಯಾಳಿಗಳಿಗೆ ಕರ್ಕಟಕ. ನಮ್ಮದು ಚಾಂದ್ರಮಾಸ, ಅವರದು ಸೌರಮಾಸವಾದ್ದರಿಂದ ಎರಡೂ ಒಟ್ಟಿಗೆ ಮುಗಿಯುವುದಿಲ್ಲ. 2025ರಲ್ಲಿ ನಮ್ಮ ಶ್ರಾವಣ ಜುಲೈ 25ಕ್ಕೇ ಬಂತು, ಅವರ ಚಿಂಙಂ ಆಗಸ್ಟ್ 17ಕ್ಕೆ. ನಡುವಿನ ಮೂರು ವಾರ ಇಲ್ಲಿನ ಮಂಟಪಗಳಿಗೆ ಗಿರಾಕಿ ಕಡಿಮೆ, ಬಾಡಿಗೆ ಮಾತಾಡಿ ಇಳಿಸಬಹುದು. (ಮಳೆಗೆ ಮಾತ್ರ ನಾವು ಹೊಣೆಯಲ್ಲ.) ಅಧಿಕಮಾಸ ಬಂದ 2026ರಂಥ ವರ್ಷದಲ್ಲಿ ಈ ಅವಕಾಶ ನಾಲ್ಕೇ ದಿನ. ತುಳುನಾಡಿನವರ ಆಟಿ ತಿಂಗಳೂ ಕರ್ಕಟಕವೂ ಒಂದೇ ಆದ್ದರಿಂದ ಅವರಿಗೆ ಇದರ ಲಾಭವಿಲ್ಲ. ಚಿಂಙಂ ಬಂತೆಂದರೆ ಕಥೆಯೇ ಬೇರೆ: 2024ರ ಸೆಪ್ಟೆಂಬರ್ 8ರಂದು ಗುರುವಾಯೂರು ದೇವಸ್ಥಾನ ಒಂದರಲ್ಲೇ ಮುನ್ನೂರಕ್ಕೂ ಮಿಕ್ಕಿ ಮದುವೆಗಳು ನಡೆದವು. ಅಂಥ ದಿನ ಮಂಟಪದವರೊಡನೆ ಚೌಕಾಶಿ ಸಾಧ್ಯವೇ?

ಊಟದ ವಿಷಯ ಹೆಚ್ಚು ಹೇಳುವುದಿಲ್ಲ. ಎಲೆಗಳನ್ನು ಎಣಿಸಿ ಹಣ ಕೊಡುವ ಕರಾರಿರಲಿ. ಕನಿಷ್ಠ ಎಷ್ಟು ಎಲೆಗೆ ಹಣ ಕೊಡಲೇಬೇಕೆಂಬುದನ್ನು ಬರೆಸಿಕೊಳ್ಳಿ. ಉಡುಪಿಯಿಂದ ಅಡುಗೆಯವರನ್ನು ಕರೆಸಿದರೆ ಅವರ ರೈಲು, ವಸತಿ ನಮ್ಮ ಮೇಲೆ. ಪಾಲಕ್ಕಾಡಿನ ಅಡುಗೆಯವರಿಗೆ ನಮ್ಮ ಹುಳಿ, ಹೋಳಿಗೆ ವಿವರಿಸಿ ಹೇಳಿದರೆ ಚೆನ್ನಾಗಿಯೇ ಮಾಡುತ್ತಾರೆ.

ಚಿನ್ನದ ಮಾತಿಗೆ ಬರೋಣ. ಊರಿನ ಹಿರಿಯರು ತೊಲದಲ್ಲಿ ಮಾತಾಡುತ್ತಾರೆ, ಇಲ್ಲಿಯವರು ಪವನಿನಲ್ಲಿ. ತೊಲವೆಂದರೆ 11.66 ಗ್ರಾಂ, ಪವನೆಂದರೆ 8 ಗ್ರಾಂ. ಹತ್ತು ತೊಲಕ್ಕೆ ಹದಿನಾಲ್ಕೂವರೆ ಪವನು. ಇದರಲ್ಲೇ ಬೀಗರ ನಡುವೆ ಮನಸ್ತಾಪ ಹುಟ್ಟಿದ್ದುಂಟು. ನಮ್ಮ ಅಭಿಪ್ರಾಯದಲ್ಲಿ ಚಿನ್ನವನ್ನು ತೂಕದಲ್ಲಿ ನಿಶ್ಚಯಿಸಲೇಬಾರದು, ರೂಪಾಯಿಯಲ್ಲಿ ನಿಶ್ಚಯಿಸಬೇಕು. 2020ರ ಆಗಸ್ಟಿನಲ್ಲಿ ಕೇರಳದಲ್ಲಿ ಪವನಿಗೆ 42,000. 2025ರ ಅಕ್ಟೋಬರಿನಲ್ಲಿ 90,000 ದಾಟಿತು. ಇಪ್ಪತ್ತು ಪವನೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದ ತಂದೆಗೆ 8.4 ಲಕ್ಷದ ಮಾತು 18 ಲಕ್ಷವಾಯಿತು. ಅವನ ಸಂಬಳ ಹಾಗೆ ಏರಲಿಲ್ಲ. ಇದರ ಮೇಲೆ ಮಜೂರಿ, ಇಲ್ಲಿಯವರು ಪಣಿಕ್ಕೂಲಿ ಎನ್ನುವುದು, ಶೇಕಡ 10 ಎಂದಿಟ್ಟುಕೊಂಡರೂ 1.8 ಲಕ್ಷ; ಅದರ ಮೇಲೆ ಶೇಕಡ 3 ಜಿ.ಎಸ್.ಟಿ. ಒಟ್ಟು ಎರಡು ಲಕ್ಷದ ನಲವತ್ತು ಸಾವಿರದಷ್ಟು ಹಣ ಅಂಗಡಿಯ ಮೆಟ್ಟಿಲಿಳಿಯುವಷ್ಟರಲ್ಲೇ ಹೋಯಿತು. ಮದುವೆಯಾಗಿ ವರ್ಷ ತುಂಬುವ ಮೊದಲೇ ಅದೇ ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ನಮ್ಮ ಕೌಂಟರಿಗೆ ಬಂದವರನ್ನು ಕಂಡಿದ್ದೇವೆ. ಅಡವಿಗೆ ತೂಗುವಾಗ ಕಲ್ಲುಗಳ ತೂಕ ಕಳೆಯುತ್ತೇವೆ, ಮಜೂರಿಗೆ ಬೆಲೆಯಿಲ್ಲ. ಆ ಹುಡುಗಿಯರ ಮುಖ ನೋಡಿ ರಸೀದಿ ಬರೆಯುವುದು ನಮ್ಮ ಉದ್ಯೋಗದ ಕಷ್ಟಗಳಲ್ಲೊಂದು.

ಬೀಗರು ಕೇಳಿದ್ದರಿಂದ ಕೊಟ್ಟ ಚಿನ್ನವಾದರೆ ಅದಕ್ಕೆ ಆಯವ್ಯಯದಲ್ಲಿ ಜಾಗವೇ ಇಲ್ಲ. 1961ರ ವರದಕ್ಷಿಣೆ ನಿಷೇಧ ಕಾಯಿದೆಯಂತೆ ಪಡೆಯುವುದಷ್ಟೇ ಅಲ್ಲ, ಕೊಡುವುದೂ ಅಪರಾಧ. ಕೇಳದೆ ಪ್ರೀತಿಯಿಂದ ಕೊಟ್ಟ ಉಡುಗೊರೆಗಳಿಗೂ 1985ರ ನಿಯಮದಂತೆ ಪಟ್ಟಿ ಬರೆದು ವಧುವೂ ವರನೂ ಸಹಿ ಮಾಡಿ ಇಟ್ಟುಕೊಳ್ಳಬೇಕು. ಎಷ್ಟು ಮನೆಗಳಲ್ಲಿ ಆ ಪಟ್ಟಿಯಿದೆ?

ಮುಯ್ಯಿ ಬಂದರೆ ಅಡುಗೆಯವರ ಬಾಕಿ ತೀರುತ್ತದೆಂದು ಎಣಿಸುವವರುಂಟು. ವಡಗರದ ಕಡೆ ‘ಪಣಪ್ಪಯಟ್ಟು’ ಎಂಬ ಪದ್ಧತಿಯಿದೆ. ಹಣ ಬೇಕಾದವನು ಚಹಾಕೂಟ ಕರೆಯುತ್ತಾನೆ. ಬಂದವರು ಕೊಟ್ಟದ್ದನ್ನು ಪುಸ್ತಕದಲ್ಲಿ ಬರೆದಿಟ್ಟು, ಅವರ ಸರದಿ ಬಂದಾಗ ಹೆಚ್ಚಿಗೆ ಸೇರಿಸಿ ಹಿಂದಿರುಗಿಸುತ್ತಾನೆ. ಅದು ಸಾಲವೆಂದು ಅಲ್ಲಿ ಎಲ್ಲರಿಗೂ ಗೊತ್ತು. ನಮ್ಮ ಮುಯ್ಯಿಯೂ ಅದೇ, ಲಕೋಟೆಯಲ್ಲಿ ಮುಚ್ಚಿಟ್ಟಿರುವುದಷ್ಟೇ ವ್ಯತ್ಯಾಸ. ಆದಕಾರಣ ಅದನ್ನು ಜಮಾ ಕಡೆ ಬರೆಯಬೇಡಿ.

1966ರಲ್ಲಿ ಕುವೆಂಪು ಅವರು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದ ರೀತಿಯಲ್ಲಿ ಸರಳವಾಗಿ ನಡೆಸಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆಯುತ್ತಿವೆ. ಆ ದಾರಿ ಹಿಡಿಯುವವರಿಗೆ ನಮ್ಮ ಲೆಕ್ಕದ ಅಗತ್ಯವೇ ಇಲ್ಲ. ನಾವು ಮಾತಾಡಿದ್ದು ಅಷ್ಟು ಧೈರ್ಯವಿಲ್ಲದ, ಸಾಲಕ್ಕೂ ಅಂಜುವ ನಮ್ಮಂಥ ಮಧ್ಯದವರಿಗಾಗಿ.

ಕಡೆಯದಾಗಿ ಕಾಗದಪತ್ರ. ಒಂದು ಸಮಾರಂಭಕ್ಕಾಗಿ ಒಬ್ಬರಿಂದ ಎರಡು ಲಕ್ಷ ಅಥವಾ ಮೇಲ್ಪಟ್ಟು ನಗದು ಪಡೆಯುವುದು 2017ರಿಂದ ನಿಷಿದ್ಧ. ಮಂಟಪದವರಿಗೆ, ಆಭರಣದವರಿಗೆ ಚೆಕ್ಕಿನಲ್ಲಿ ಕೊಡಿ. ಮದುವೆ ಕೇರಳದಲ್ಲಾದರೆ 2008ರ ನಿಯಮದಂತೆ 45 ದಿನದೊಳಗೆ ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿಸಬೇಕು. ಆಯವ್ಯಯದ ಖಾಲಿ ಹಾಳೆಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಮೊದಲ ಸಾಲು ಮಾತ್ರ ತುಂಬಿ ತಂದರೆ ಮಿಕ್ಕದ್ದನ್ನು ಜೊತೆಯಲ್ಲಿ ಕುಳಿತು ಬರೆಯೋಣ.