ಬೇಸಿಗೆಯ ಸೂಟಿಯೂ ಹಿತ್ತಲ ಬೇಸಾಯವೂ
(ಶಿಕ್ಷಕರ ಕೂಟವೊಂದರಲ್ಲಿ ಮಾಡಿದ ಭಾಷಣ)



ಪರೀಕ್ಷೆಗಳು ಮುಗಿದು ಶಾಲೆಗಳ ಬಾಗಿಲು ಮುಚ್ಚಿದೊಡನೆ ನಮಗೆ ಆರೇಳು ವಾರಗಳ ಬಿಡುವು ದೊರೆಯುವದು. ಈ ಸೂಟಿಯನ್ನು ಹೇಗೆ ಕಳೆಯಬೇಕೆಂಬ ವಿಷಯದಲ್ಲಿ ಪ್ರತಿವರ್ಷವೂ ಉಪದೇಶಗಳು ಕೇಳಿಬರುವವು. ಅವುಗಳ ಮೇಲೆ ಇನ್ನೊಂದನ್ನು ಹೇರುವದು ನಮ್ಮ ಉದ್ದೇಶವಲ್ಲ. ನಾಲ್ಕಾರು ಜನ ಗೆಳೆಯರು ತಮ್ಮ ಮನೆಗಳ ಹಿತ್ತಲಲ್ಲಿ ಕಾಯಿಪಲ್ಲೆ ಬೆಳೆಯುವ ಕೆಲಸವೊಂದನ್ನೇ ಎತ್ತಿಕೊಂಡು, ಅದನ್ನು ಯಾವಾಗ ಮಾಡಬೇಕು, ಹೇಗೆ ಮಾಡಬೇಕು, ಒಬ್ಬೊಬ್ಬರಾಗಿ ಮಾಡದೆ ಕೂಡಿಯೇ ಏಕೆ ಮಾಡಬೇಕು ಎಂಬದನ್ನಷ್ಟೇ ತಮ್ಮ ಮುಂದಿಡುವೆವು.

ಸೂಟಿಯಲ್ಲಿ ಹುಟ್ಟಿದ ತೋಟಗಳಲ್ಲಿ ಹೆಚ್ಚಿನವು ಮಿರ್ಗದ ಮಳೆಯನ್ನು ಕಾಣದೆಯೇ ಒಣಗುವವು. ಇದಕ್ಕೆ ಕಾರಣ ಸೋಮಾರಿತನವಲ್ಲ, ಅವಸರ. ಯುಗಾದಿ ಮುಗಿದೊಡನೆ ಉತ್ಸಾಹದಿಂದ ನೆಲ ಅಗಿದು, ಇದ್ದ ಬೀಜವನ್ನೆಲ್ಲ ಒಮ್ಮೆಲೇ ಬಿತ್ತುವೆವು. ಬಯಲುಸೀಮೆಯ ಏಪ್ರಿಲ ತಿಂಗಳ ಬಿಸಿಲಿಗೆ ಎಳೆಯ ಮೊಳಕೆ ನಿಲ್ಲುವದೆಂತು? ಬಾವಿಯ ನೀರು ತಳ ಕಾಣುವ ಕಾಲದಲ್ಲಿ ಇಡಿಯ ಹಿತ್ತಲಿಗೆ ನೀರು ಹೊರುವವರಾರು? ಆದುದರಿಂದ ನಾವು ಮೊದಲು ಮನಗಾಣತಕ್ಕ ಮಾತೆಂದರೆ, ಬೇಸಿಗೆಯ ಸೂಟಿಯು ಮುಖ್ಯವಾಗಿ ಬಿತ್ತುವ ಕಾಲವಲ್ಲ, ಅಣಿಮಾಡುವ ಕಾಲ.

ನಮ್ಮ ಒಕ್ಕಲಿಗರು ಮಳೆಗಳನ್ನು ನಕ್ಷತ್ರಗಳಿಂದ ಎಣಿಸುವರು. ಆ ಎಣಿಕೆಯನ್ನೇ ಹಿಡಿದು ನಡೆದರೆ ಸೂಟಿಯ ಕೆಲಸವು ತಾನಾಗಿ ಹಂಚಿಹೋಗುವದು. ಅಶ್ವಿನಿಯು ಏಪ್ರಿಲ 14ರ ಸುಮಾರಿಗೆ ಕೂಡುವದು. ಆಗ ನೆಲವನ್ನು ಆಳವಾಗಿ ಅಗಿದು ಹೆಂಟೆಗಳನ್ನು ಬಿಸಿಲಿಗೆ ಬಿಡಬೇಕು. ಇದರಿಂದ ಕಸದ ಬೇರುಗಳೂ ಮಣ್ಣಿನಲ್ಲಡಗಿದ ಹುಳದ ಕೋಶಗಳೂ ನಾಶವಾಗುವವು. ಏಪ್ರಿಲ ಕೊನೆಗೆ ಬರುವ ಭರಣಿಯಲ್ಲಿ ಮಡಿಗಳನ್ನು ಕಟ್ಟಬೇಕು. ಮಡಿಯ ಅಗಲ 4 ಅಡಿಗಿಂತ ಹೆಚ್ಚಬಾರದು. ಎರಡೂ ಬದಿಗೆ ಕುಳಿತವರ ಕೈ ನಡುವಿನವರೆಗೆ ಎಟಕಿದರೆ ಒಳಗೆ ಕಾಲಿಡುವ ಕಾರಣವಿಲ್ಲ, ಮಣ್ಣು ಗಟ್ಟಿಯಾಗುವದಿಲ್ಲ. ಮೇ 11ರ ಸುಮಾರಿಗೆ ಕೂಡುವ ಕೃತ್ತಿಕೆಯಲ್ಲಿ ನೆರಳಿನ ಚಪ್ಪರದಡಿ ಬದನೆ, ಮೆಣಸಿನಕಾಯಿಗಳ ಸಸಿಮಡಿ ಹಾಕಬೇಕು. ಈ ಸಸಿಗಳು ನಾಲ್ಕೈದು ವಾರಕ್ಕೆ ಕಿತ್ತು ನೆಡುವಂತಾಗುವವು. ಅಷ್ಟರಲ್ಲಿ ಮಿರ್ಗ ಬಂದಿರುವದು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳವೆಂಬ ಗಾದೆಯನ್ನು ತಾವೆಲ್ಲ ಬಲ್ಲಿರಿ. ಹೀರಿ, ಸೋರೆ, ಕುಂಬಳ, ಹಾಗಲ ಬೀಜಗಳನ್ನು ಊರುವದಕ್ಕೂ ಆ ಹದವೇ ಒಳ್ಳೆಯದು.

ಹಾಗಾದರೆ ಬೇಸಿಗೆಯಲ್ಲಿ ಏನನ್ನೂ ಬೆಳೆಯಬಾರದೆ? ಒಂದೇ ಒಂದು ಮಡಿ ಸಾಕು. ಅದರಲ್ಲಿ ರಾಜಗಿರಿ ಪಲ್ಲೆಯನ್ನು ಬಿತ್ತಿ ದಿನಕ್ಕೆ ಒಂದೆರಡು ಕೊಡ ನೀರು ಹನಿಸಿದರೆ ತಿಂಗಳೊಳಗೆ ಅಡಿಗೆಮನೆಗೆ ಬರುವದು. ಬಚ್ಚಲ ನೀರನ್ನು ಒಂದು ಕಾಲುವೆಯಿಂದ ಬಾಳೆಯ ಬುಡಕ್ಕೆ ತಿರುಗಿಸಿದರೆ ಅದಕ್ಕೆ ಬೇರೆ ನೀರು ಬೇಡ. ತನ್ನ ಕೈಯಿಂದ ಬಿತ್ತಿದುದನ್ನು ಸೂಟಿಯೊಳಗೇ ಉಂಡ ಹುಡುಗನು ಮುಂದಿನ ಕೆಲಸಕ್ಕೆ ಕರೆಯದೆಯೇ ಬರುವನು.

ಇನ್ನು ಗೊಬ್ಬರದ ಮಾತು. ಆಲ್ಬರ್ಟ ಹೋವಾರ್ಡರು 1924ರಿಂದ 1931ರ ವರೆಗೆ ಇಂದೂರಿನಲ್ಲಿ ಕಸಕಡ್ಡಿ, ಸಗಣಿಗಳನ್ನು ಪದರು ಪದರಾಗಿ ಹಾಕಿ, ಆಗಾಗ್ಗೆ ತಿರುವಿ, ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. 1939ರಲ್ಲಿ ಡಾ. ಸಿ. ಎನ್. ಆಚಾರ್ಯರು ಬೆಂಗಳೂರಿನಲ್ಲಿ, ತಗ್ಗು ತುಂಬಿ ಮೇಲೆ ಕೆಸರು ಮೆತ್ತಿ, ತಿರುವದೆ ಬಿಟ್ಟು, ಆರೆಂಟು ತಿಂಗಳಲ್ಲಿ ಪಕ್ವವಾಗಿಸುವ ಕ್ರಮವನ್ನು ಹಾಕಿಕೊಟ್ಟರು. ಈ ಎರಡನ್ನೂ ಸೂಟಿಯ ಆರಂಭದಲ್ಲಿ ಹೂಡಿದರೆ, ಮೊದಲನೆಯದು ಮುಂಗಾರಿನ ಗಿಡಗಳಿಗೂ ಎರಡನೆಯದು ಹಿಂಗಾರಿನ ಗಿಡಗಳಿಗೂ ಒದಗುವದು. ಓಣಿಯ ಎಲೆ ಕಸವನ್ನು ಸುಟ್ಟು ಹೊಗೆಮಾಡುವ ಬದಲು ತಗ್ಗಿಗೆ ಹೊತ್ತು ತರುವದು ಗೆಳೆಯರ ಗುಂಪಿಗೆ ಒಂದು ಮುಂಜಾವಿನ ಕೆಲಸ ಮಾತ್ರ.

ಇಲ್ಲಿಯ ವರೆಗೆ ಹೇಳಿದ ಕೆಲಸಗಳನ್ನು ಒಬ್ಬನೇ ಮಾಡಿಯಾನು. ಒಬ್ಬನಿಂದ ಆಗದ ಕೆಲಸವೊಂದುಂಟು; ಅದೇ ಬೀಜವನ್ನು ಕಾಯುವದು. ಮೆಂತೆ, ಅಲಸಂದಿಗಳ ಹೂವುಗಳು ಬಹುಮಟ್ಟಿಗೆ ತಮ್ಮ ಪರಾಗದಿಂದಲೇ ಕಾಯಿಕಟ್ಟುವದರಿಂದ ಅವುಗಳ ಬೀಜ ಕೆಡುವದಿಲ್ಲ. ಸೋರೆ, ಕುಂಬಳ, ಹೀರಿಗಳ ಮಾತು ಹಾಗಲ್ಲ. ಅವುಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ; ಪರಾಗವನ್ನು ಒಯ್ಯುವವು ಕೀಟಗಳು. ಕೀಟಗಳಿಗೆ ನಮ್ಮ ಹಿತ್ತಲ ಗೋಡೆಯ ಅಡ್ಡಿಯಿಲ್ಲ. ನಾವು ಗುಂಡುಸೋರೆಯನ್ನೂ ನೆರೆಯವರು ಉದ್ದಸೋರೆಯನ್ನೂ ಹಾಕಿದರೆ, ಆ ವರ್ಷದ ಕಾಯಿ ನೆಟ್ಟಗಿದ್ದರೂ ಅದರ ಬೀಜದಿಂದ ಮರುವರ್ಷ ಬರುವ ಕಾಯಿ ಅದೂ ಅಲ್ಲ, ಇದೂ ಅಲ್ಲ ಎಂಬಂತಾಗುವದು. ಸಮೀಪದಲ್ಲಿ ಕಹಿಸೋರೆಯ ಬಳ್ಳಿಯಿದ್ದರಂತೂ ಮುಂದಿನ ಕಾಯಿ ಕಹಿಯಾಗಬಹುದು. ಕಹಿಯಾದ ಸೋರೆಕಾಯಿ ವಿಷಕಾರಿ, ಅದನ್ನು ತಿನ್ನಲೇಬಾರದು. ನಮ್ಮ ಹಿತ್ತಲ ಬೀಜದ ಶುದ್ಧಿಯು ನೆರೆಯವರ ಹಿತ್ತಲನ್ನು ಅವಲಂಬಿಸಿರುವದೆಂದಾಯಿತು. ಆದುದರಿಂದ ಓಣಿಯವರು ಕೂಡಿ ಕುಳಿತು, ಈ ವರ್ಷ ನಮ್ಮಲ್ಲಿ ಇಂಥದೇ ಸೋರೆ, ಇಂಥದೇ ಕುಂಬಳ ಎಂದು ಗೊತ್ತುಪಡಿಸಿಕೊಳ್ಳಬೇಕು. ಅದು ಸಾಧ್ಯವಾಗದಿದ್ದರೆ ಸೋರೆಯ ಗಂಡು ಹೆಣ್ಣು ಮೊಗ್ಗುಗಳನ್ನು ಮಧ್ಯಾಹ್ನವೇ ದಾರದಿಂದ ಕಟ್ಟಿ, ಸಂಜೆ ಅರಳುವ ಹೊತ್ತಿಗೆ ಬಿಚ್ಚಿ, ಪರಾಗವನ್ನು ಕೈಯಿಂದ ಮುಟ್ಟಿಸಿ, ಹೆಣ್ಣು ಹೂವನ್ನು ತಿರುಗಿ ಕಟ್ಟಬೇಕು. ಸಸ್ಯಶಾಸ್ತ್ರದ ಈ ಪಾಠವನ್ನು ಪುಸ್ತಕದ ಚಿತ್ರಕ್ಕಿಂತ ಹಿತ್ತಲ ಬಳ್ಳಿಯು ಚೆನ್ನಾಗಿ ಕಲಿಸುವದು.

ಬೀಜಕ್ಕೆ ಇಷ್ಟು ಕಷ್ಟವೇಕೆ, ಅಂಗಡಿಯಲ್ಲಿ ಸಿಗುವದಿಲ್ಲವೆ ಎಂದು ಕೆಲವರು ಕೇಳಬಹುದು. ಸಿಗುವದು, ಆದರೆ ಅಂಗಡಿಯ ಸಂಕರ ಬೀಜದಿಂದ ಬೆಳೆದ ಕಾಯಿಯ ಬೀಜವು ಮರುವರ್ಷ ತಾಯಿಯಂತೆ ಬಾರದು, ವರ್ಷವರ್ಷವೂ ಕೊಳ್ಳುತ್ತಲೇ ಇರಬೇಕು. ಉಡುಪಿಯ ಹತ್ತಿರದ ಮಟ್ಟು ಗ್ರಾಮದ ಗುಳ್ಳಬದನೆಯನ್ನು ನೋಡಿರಿ. ಅದು ವಾದಿರಾಜರು ಕೊಟ್ಟ ಬೀಜವೆಂಬದು ಅಲ್ಲಿಯ ಐತಿಹ್ಯ. ಒಂದು ಊರಿನವರು ತಲೆಮಾರುಗಳಿಂದ ಬೀಜವನ್ನು ಬಿಡದೆ ಕಾಯ್ದುದರಿಂದಲೇ ಅದು ಉಳಿದು, 2011ರಲ್ಲಿ ಆ ಊರಿನ ಹೆಸರಿನಿಂದಲೇ ಸರಕಾರದ ಭೌಗೋಳಿಕ ಮಾನ್ಯತೆಯನ್ನು ಪಡೆಯಿತು. ನಂಜನಗೂಡಿನ ರಸಬಾಳೆಯ ಕಥೆ ಬೇರೆಯಾಗಿದೆ. ಸೊರಗುರೋಗವು ತಗಲಿ ಆ ಬಾಳೆಯ ತೋಟಗಳು ಬಹಳ ಮಟ್ಟಿಗೆ ಕರಗಿಹೋದವು. ಈ ರೋಗವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವದಲ್ಲದೆ ರೋಗ ತಗಲಿದ ಮರಿಗಳ ಮೂಲಕವೂ ತೋಟದಿಂದ ತೋಟಕ್ಕೆ ಹರಡುವದು. ಗೆಳೆಯನಿಗೆ ಬಾಳೆಯ ಮರಿ ಕೊಡುವ ಮುಂಚೆ ತಾಯಿಗಿಡವು ನಿರೋಗಿಯಾಗಿರುವದೋ ಎಂದು ನೋಡತಕ್ಕದ್ದು. ಕೊಡುಕೊಳ್ಳುವಿಕೆಯಲ್ಲಿ ಸ್ನೇಹವಿದ್ದಷ್ಟೇ ಎಚ್ಚರವೂ ಇರಬೇಕು.

ಬೀಜದ ಕಾಯಿಯನ್ನು ಗೊತ್ತುಮಾಡುವಾಗ ನಾವು ಸಾಮಾನ್ಯವಾಗಿ ತಿರುಗುಮುರುಗಾಗಿ ನಡೆಯುವೆವು. ಒಳ್ಳೆಯ ಕಾಯಿಗಳನ್ನೆಲ್ಲ ಪಲ್ಯಕ್ಕೆ ಕೊಯ್ದು, ಕೊನೆಗೆ ಉಳಿದ ಸೊಟ್ಟ ಕಾಯಿಯನ್ನು ಬೀಜಕ್ಕೆ ಬಿಡುವೆವು. ಉತ್ತಮ ಗಿಡದ ಉತ್ತಮ ಕಾಯಿಗೆ ಮೊದಲೇ ದಾರ ಕಟ್ಟಿಡಬೇಕು. ಬದನೆಯು ಹಳದಿಯಾಗಿ ಹಣ್ಣಾಗುವವರೆಗೂ ಸೋರೆಯು ಬಳ್ಳಿಯಲ್ಲೇ ಒಣಗುವವರೆಗೂ ಕಾಯಬೇಕು. ಬೀಜವನ್ನು ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ, ಗಡಿಗೆಯಲ್ಲಿಟ್ಟು ಬಾಯಿ ಕಟ್ಟಬೇಕು. ಈ ವಿದ್ಯೆಯಲ್ಲಿ ನಮ್ಮ ಅಜ್ಜಿಯರೇ ಅಧ್ಯಾಪಕರು. ಹುಡುಗರು ಅವರ ಬಳಿ ಕುಳಿತು, ಯಾವ ಬೀಜ, ಯಾವ ಮನೆಯದು, ಯಾವ ತಿಂಗಳಲ್ಲಿ ಊರುವದು ಎಂಬದನ್ನು ವಹಿಯಲ್ಲಿ ಬರೆದುಕೊಂಡರೆ ಸೂಟಿಯ ಬರವಣಿಗೆಯೂ ಆದಂತಾಗುವದು.

ಓದಿದವರು ಮಣ್ಣು ಹೊರುವದೇ ಎಂಬ ಸಂಕೋಚವು ಕೆಲವರಲ್ಲಿ ಇನ್ನೂ ಅಡಗಿರುವದು. 1937ರಲ್ಲಿ ವಾರ್ಧಾದಲ್ಲಿ ಕೂಡಿದ ಶಿಕ್ಷಣ ಪರಿಷತ್ತಿನ ತರುವಾಯ ಝಾಕೀರ ಹುಸೇನರ ಸಮಿತಿಯು ಶಾಲೆಯ ಕಸುಬುಗಳಲ್ಲಿ ಹಣ್ಣು ಕಾಯಿಪಲ್ಲೆಗಳ ತೋಟಗಾರಿಕೆಗೂ ಸ್ಥಾನ ಕೊಟ್ಟಿತು. ಗುದ್ದಲಿಯನ್ನು ಪಾಠದಿಂದ ಹೊರಗಿಡದೆ ಅದರೊಳಗೇ ಸೇರಿಸಬೇಕೆಂಬದು ಅದರ ಆಶಯವಾಗಿತ್ತು. ನಾವು ಹಿಡಿಯದ ಗುದ್ದಲಿಯನ್ನು ಹುಡುಗರಿಗೆ ಹಿಡಿಯಹೇಳಿದರೆ ಅವರು ನಂಬುವರೆ? ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ನಮ್ಮ ಉದಾಸೀನವನ್ನು ಕುರಿತೇ ಹುಟ್ಟಿದೆ.

ಕೊನೆಯದಾಗಿ ಒಂದು ಸೂಚನೆ. ಶಾಲೆಗಳು ತಿರುಗಿ ತೆರೆದ ದಿನವೇ ತೋಟದ ನಿಜವಾದ ಪರೀಕ್ಷೆಯ ದಿನ. ಮಳೆ ನಡುವೆ ಕೈಕೊಟ್ಟರೆ ನೀರು ಹನಿಸುವವರು ಯಾರು, ಕಸ ಕೀಳುವವರು ಯಾರು ಎಂಬದನ್ನು ಸೂಟಿ ಮುಗಿಯುವ ಮುನ್ನವೇ ವಾರಗಳ ಪಾಳಿ ಹಚ್ಚಿ ಗೊತ್ತುಮಾಡಿರಿ. ಐದು ಮನೆಗಳು ಕೂಡಿದರೆ ಒಂದು ಮನೆಗೆ ಐದು ವಾರಕ್ಕೊಮ್ಮೆ ಮಾತ್ರ ಸರತಿ ಬರುವದು. ಇದು ಯಾರಿಗೂ ಭಾರವಲ್ಲ.

ಮುಂದಿನ ಯುಗಾದಿಗೆ ತಮ್ಮಲ್ಲಿ ಪ್ರತಿಯೊಬ್ಬರೂ ತಾವೇ ಬೆಳೆದ ಒಂದು ಹಿಡಿ ಬೀಜವನ್ನು ಈ ಕೂಟಕ್ಕೆ ತಂದು ಒಬ್ಬರಿಗೊಬ್ಬರು ಹಂಚಿಕೊಳ್ಳುವಂತಾಗಲೆಂದು ಹಾರೈಸಿ, ನಮ್ಮ ಮಾತನ್ನು ಇಲ್ಲಿಗೆ ಮುಗಿಸುವೆವು.